ಅಕ್ಕಡಿ ಸಾಲಿನ ಹುಚ್ಚೆಳ್ಳು

(ತುಮಕೂರಿನಲ್ಲಿ, ಗುಬ್ಬಿ ಮತ್ತು ಕುಣಿಗಲ್ ಸೀಮೆಯ ರೈತರೂ ಮಲೆನಾಡಿನ ಪರಿಸರಾಸಕ್ತರೂ ಒಟ್ಟಿಗೆ ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಲೆನಾಡಿನವರು ಸೇರಿದ ಸಭೆಯೆಂದರೆ ಅಣೆಕಟ್ಟು, ಗಣಿ, ಸುರಂಗ, ಕಾಡಿನ ಒತ್ತುವರಿ ಇವುಗಳ ಮಾತು ಬರುವುದು ವಾಡಿಕೆ. ಇಂದಿನ ವಿಷಯ ಅದಲ್ಲ. ಬಯಲುಸೀಮೆಯ ರಾಗಿ ಹೊಲದ ಅಂಚಿನಲ್ಲಿ, ಯಾರ ಲೆಕ್ಕಕ್ಕೂ ಸಿಗದೆ ಬೆಳೆದು, ಯಾರ ಗಮನಕ್ಕೂ ಬಾರದೆ ಮರೆಯಾಗುತ್ತಿರುವ ಒಂದು ಎಣ್ಣೆಕಾಳು ಇಂದಿನ ವಿಷಯ. ಹುಚ್ಚೆಳ್ಳಿನ ಮಾತಾಡಲು ಘಟ್ಟದ ಮೇಲಿನವರು ತುಮಕೂರಿನವರೆಗೆ ಬರಬೇಕಾಗಿತ್ತೇ ಎಂದು ಯಾರಾದರೂ ಕೇಳಿದರೆ ಅದು ಸಹಜವಾದ ಪ್ರಶ್ನೆ. ಘಟ್ಟದ ನೀರು, ಘಟ್ಟದ ಅಡಿಕೆ, ಘಟ್ಟದ ಜೇನು ಈ ಮೂರೂ ಹುಚ್ಚೆಳ್ಳಿನ ಕಥೆಯೊಳಗೆ ಬರುತ್ತವೆ. ಅವು ಬಂದಾಗ ಉತ್ತರ ತಾನಾಗಿಯೇ ಸಿಗುತ್ತದೆ.

ಮೊದಲು ಗಿಡದ ಪರಿಚಯ. ಹೆಸರಿನಲ್ಲಿ ಎಳ್ಳು ಇದ್ದರೂ ಇದು ಎಳ್ಳಿನ ಬಳಗದ್ದಲ್ಲ. ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂಗಳ ಕುಟುಂಬಕ್ಕೆ ಸೇರಿದ್ದು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಗಿಜೋಟಿಯ ಅಬಿಸಿನಿಕ. ಆ ಹೆಸರಿನ ಉತ್ತರಾರ್ಧವೇ ತವರನ್ನು ಹೇಳುತ್ತದೆ: ಅಬಿಸೀನಿಯ, ಅಂದರೆ ಇಂದಿನ ಇಥಿಯೋಪಿಯದ ಎತ್ತರದ ಭೂಮಿ. ಅಲ್ಲಿ ಇದನ್ನು ನೂಗ್ ಎನ್ನುತ್ತಾರೆ. ಅಲ್ಲಿನ ಎಣ್ಣೆಕಾಳುಗಳಲ್ಲಿ ಬಹುಕಾಲದಿಂದ ಇದಕ್ಕೆ ಮೊದಲ ಪಂಕ್ತಿಯ ಸ್ಥಾನ. ರಾಗಿಯೂ ಪೂರ್ವ ಆಫ್ರಿಕದ ಅದೇ ಎತ್ತರದ ಸೀಮೆಯದು. ಇವೆರಡೂ ಒಂದೇ ವ್ಯಾಪಾರದ ದಾರಿಯಲ್ಲಿ, ಬಹುಶಃ ಒಟ್ಟಿಗೇ ಸಮುದ್ರ ದಾಟಿ ಬಂದಿರಬೇಕೆಂದು ಸಸ್ಯಶಾಸ್ತ್ರಜ್ಞರು ಊಹಿಸುತ್ತಾರೆ. ಅಲ್ಲಿ ನೆರೆಹೊರೆಯಾಗಿದ್ದ ಎರಡು ಬೆಳೆಗಳು ಇಲ್ಲಿ ಒಂದೇ ಹೊಲದ ಸಾಲುಗಳಾದವು. ಮುಂದೆ, ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದಾಗ ರಾಗಿಯ ಆಫ್ರಿಕದ ನೆಂಟಸ್ತಿಕೆ ಮತ್ತೆ ಬೆಳಕಿಗೆ ಬಂತು. ಹುಚ್ಚೆಳ್ಳಿಗೆ ಅಂಥ ಒಬ್ಬ ಲಕ್ಷ್ಮಣಯ್ಯ ಸಿಗಲಿಲ್ಲ.

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್, ರಾಗಿಯ ನಡುವೆ ಅವರೆ ತೊಗರಿಗಳನ್ನು ಸಾಲು ಹಾಕುವ ಪದ್ಧತಿಯನ್ನೂ ಹುಚ್ಚೆಳ್ಳಿನ ಬೇಸಾಯವನ್ನೂ ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ತುಮಕೂರು, ಗುಬ್ಬಿಗಳನ್ನು ಹಾದುಹೋದವನು ಆತ. ಅಂದರೆ ಇನ್ನೂರು ವರ್ಷಗಳ ಹಿಂದೆಯೇ ಇದು ಹೊರಗಿನವನ ಕಣ್ಣಿಗೆ ಬೀಳುವಷ್ಟು ಸಾಮಾನ್ಯವಾದ ಬೆಳೆಯಾಗಿತ್ತು.

ಇಲ್ಲಿ ಕುಳಿತಿರುವ ಹಿರಿಯರಿಗೆ ಅಕ್ಕಡಿ ಎಂದರೆ ಏನೆಂದು ವಿವರಿಸುವುದು ಉದ್ಧಟತನವಾದೀತು. ಆದರೆ ಮಲೆನಾಡಿನಿಂದ ಬಂದವರಿಗೂ, ಹೊಲವನ್ನು ಬಸ್ಸಿನ ಕಿಟಕಿಯಿಂದಷ್ಟೇ ಕಂಡಿರುವ ಕಿರಿಯರಿಗೂ ಎರಡು ಮಾತು ಹೇಳಲೇಬೇಕು. ಹಳೆ ಮೈಸೂರಿನ ಖುಷ್ಕಿ ಹೊಲದಲ್ಲಿ ರಾಗಿಯೊಂದನ್ನೇ ಬಿತ್ತುವ ಪದ್ಧತಿ ಇರಲಿಲ್ಲ. ಹನ್ನೆರಡು ತಾಳಿನ ಕೂರಿಗೆ ರಾಗಿಯ ಸಾಲುಗಳನ್ನು ಎಳೆಯುತ್ತ ಹೋದಂತೆ, ಅದರ ಹಿಂದೆ ಕಟ್ಟಿದ ಸಡ್ಡೆಯ ಬಿದಿರ ಕೊಳವೆಯಿಂದ ಬೇರೊಂದು ಸಾಲು ಬೀಳುತ್ತಿತ್ತು. ಸಾಧಾರಣವಾಗಿ ಈ ಸಡ್ಡೆ ಬಿಡುವ ಕೈ ಹೆಂಗಸಿನದು. ಆ ಸಾಲೇ ಅಕ್ಕಡಿ. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಜೋಳ, ಸಾಸಿವೆ, ಹರಳು, ಹುಚ್ಚೆಳ್ಳು ಇವುಗಳಲ್ಲಿ ಕೆಲವಾದರೂ ಇರುತ್ತಿದ್ದವು. ರಾಗಿ ಹೊಟ್ಟೆಗೆ, ಅವರೆ ತೊಗರಿ ಸಾರಿಗೆ, ಹುಚ್ಚೆಳ್ಳು ಒಗ್ಗರಣೆಗೆ, ದೀಪಕ್ಕೆ, ತಲೆಗೆ, ಹಿಂಡಿ ಕೊಟ್ಟಿಗೆಗೆ. ಒಂದು ಹೊಲ ಅಂಗಡಿಯ ಹಂಗಿಲ್ಲದೆ ಒಂದು ಸಂಸಾರವನ್ನು ನಡೆಸುತ್ತಿತ್ತು. ಮಳೆ ಕೈಕೊಟ್ಟು ರಾಗಿ ಸೊರಗಿದ ವರ್ಷ ಅಕ್ಕಡಿಯ ಸಾಲಾದರೂ ಏನಾದರೊಂದನ್ನು ಮನೆಗೆ ತರುತ್ತಿತ್ತು. ಇಂದು ವಿಶ್ವವಿದ್ಯಾಲಯಗಳು ‘ಬೆಳೆ ವಿಮೆ’ ಎಂಬ ಪದ ಬಳಸುತ್ತವೆ. ಕಂತು ಕಟ್ಟಬೇಕಾಗಿಲ್ಲದ ವಿಮೆ ಅದಾಗಿತ್ತು.

ಈ ಜಿಲ್ಲೆಯ ಬಹುಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ 600ರಿಂದ 800 ಮಿಲಿಮೀಟರಿನ ಆಸುಪಾಸು. ಅದೂ ನೆಚ್ಚಿಕೊಳ್ಳುವಂಥದ್ದಲ್ಲ. ಹುಚ್ಚೆಳ್ಳು ಇಂಥ ಮಳೆಗೆ ಹೇಳಿ ಮಾಡಿಸಿದ ಬೆಳೆ. ಕಲ್ಲುಬೆರಕೆಯ ಕೆಂಪುನೆಲ, ದಿಣ್ಣೆಯ ಇಳಿಜಾರು, ಗೊಬ್ಬರ ಕಾಣದ ಬರಡು ತುಂಡು, ಎಲ್ಲಿಯಾದರೂ ಅದು ಬದುಕುತ್ತದೆ. ಒಣ ಭೂಮಿಯ ಬೆಳೆಯಾದರೂ ಕೆಲದಿನ ನೀರು ನಿಂತರೆ ಕೊಳೆಯುವುದಿಲ್ಲ ಎಂಬುದು ಅಪರೂಪದ ಗುಣ; ಬೇರಿಗೆ ಗಾಳಿಯನ್ನು ಸಾಗಿಸುವ ಅಂಗಾಂಶ ಅದರ ಕಾಂಡದಲ್ಲಿದೆ. ಹಸಿ ಗಿಡವನ್ನು ದನ ಮೂಸಿ ನೋಡಿ ಬಿಟ್ಟುಬಿಡುತ್ತದೆ. ಆದುದರಿಂದಲೇ ದಾರಿಯ ಬದಿಯ ಹೊಲದವರು ಸುತ್ತ ನಾಲ್ಕು ಸಾಲು ಹುಚ್ಚೆಳ್ಳು ಬಿತ್ತಿ ಒಳಗಿನ ಬೆಳೆಯನ್ನು ಕಾಯುತ್ತಿದ್ದರು. ಬೇಲಿಯೇ ಎಣ್ಣೆ ಕೊಡುತ್ತಿತ್ತು. ಹುಚ್ಚೆಳ್ಳು ಬೆಳೆದ ನೆಲದಲ್ಲಿ ಮರುವರ್ಷದ ರಾಗಿ ಚೆನ್ನಾಗಿ ಬರುತ್ತದೆ ಎಂಬ ರೈತರ ಅನುಭವವನ್ನು ಕೃಷಿ ವಿಜ್ಞಾನದ ಬರಹಗಳೂ ಒಪ್ಪಿಕೊಂಡಿವೆ.

ಕಾಳಿನಲ್ಲಿ ನೂರಕ್ಕೆ 35ರಿಂದ 40 ಭಾಗ ಎಣ್ಣೆ, ಸುಮಾರು 20 ಭಾಗ ಸಸಾರಜನಕ. ಎಣ್ಣೆಯಲ್ಲಿ ಹೆಚ್ಚಿನ ಪಾಲು ಲಿನೋಲೀಯಿಕ್ ಆಮ್ಲ. ಸೂರ್ಯಕಾಂತಿ ಎಣ್ಣೆಯ ಜಾಹೀರಾತುಗಳಲ್ಲಿ ಹೃದಯದ ಚಿತ್ರದ ಪಕ್ಕದಲ್ಲಿ ಹೊಗಳುವುದು ಇದೇ ಬಗೆಯ ಕೊಬ್ಬನ್ನು. ಆದರೆ ಇದೇ ಗುಣ ಹುಚ್ಚೆಳ್ಳಿನ ದೌರ್ಬಲ್ಯವೂ ಆಯಿತು. ಇಂಥ ಎಣ್ಣೆ ಗಾಳಿಗೆ ಬೇಗ ಕಮಟುತ್ತದೆ. ತಿಂಗಳುಗಟ್ಟಲೆ ಅಂಗಡಿಯ ಕಪಾಟಿನಲ್ಲಿ ನಿಲ್ಲುವುದು ಅದಕ್ಕೆ ಒಗ್ಗದು. ಕಾಳು ಮಾತ್ರ ಗಟ್ಟಿ ಸಿಪ್ಪೆಯೊಳಗೆ ವರ್ಷವಿಡೀ ಕೆಡದೆ ಇರುತ್ತದೆ. ಹಾಗಾಗಿ ಹಿಂದಿನವರು ಎಣ್ಣೆಯನ್ನು ಕೂಡಿಡಲಿಲ್ಲ, ಕಾಳನ್ನು ಕೂಡಿಟ್ಟರು. ಬೇಕಾದಾಗ ಬೇಕಾದಷ್ಟನ್ನು ಗಾಣಕ್ಕೆ ಹೊತ್ತರು. ಈ ಬೆಳೆ ಬದುಕಬೇಕಾದರೆ ನಡೆದುಹೋಗುವಷ್ಟು ದೂರದಲ್ಲಿ ಒಂದು ಗಾಣ ಇರಬೇಕು. ಗಾಣ ಹೋದ ಊರಿನಲ್ಲಿ ಹುಚ್ಚೆಳ್ಳು ಎರಡು ಮೂರು ವರ್ಷಕ್ಕಿಂತ ಹೆಚ್ಚು ಉಳಿಯುವುದು ಕಷ್ಟ.

ಗಾಣಗಳು ಹೋದ ಬಗೆಯನ್ನು ನೋಡೋಣ. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳುಗಳಿಗಾಗಿ ತಾಂತ್ರಿಕ ಅಭಿಯಾನವನ್ನು ಆರಂಭಿಸಿತು. ಉತ್ಪಾದನೆ ಏರಿದ್ದು ನಿಜ. ಅದನ್ನು ‘ಹಳದಿ ಕ್ರಾಂತಿ’ ಎಂದು ಕೊಂಡಾಡಿದ್ದೂ ನಿಜ. ಆದರೆ ಏರಿದ್ದು ಸೋಯಾ, ಸೂರ್ಯಕಾಂತಿ, ಸಾಸಿವೆಗಳಂಥ ಕೆಲವೇ ಬೆಳೆಗಳದು. ಹುಚ್ಚೆಳ್ಳಿನ ಹೂವೂ ಹಳದಿಯೇ. ಆ ಕ್ರಾಂತಿಯಲ್ಲಿ ಅದಕ್ಕೆ ಪಾಲು ಸಿಗಲಿಲ್ಲ. 1994ರಲ್ಲಿ ಖಾದ್ಯತೈಲದ ಆಮದನ್ನು ಮುಕ್ತಗೊಳಿಸುವ ಕೆಲಸ ಆರಂಭವಾಯಿತು. ಇಂಡೊನೇಷ್ಯ, ಮಲೇಷ್ಯಗಳ ಮಳೆಕಾಡನ್ನು ಕಡಿದು ನೆಟ್ಟ ತಾಳೆಯ ಎಣ್ಣೆ ಇಲ್ಲಿಯ ಸಂತೆಗೆ, ಹೋಟೆಲಿಗೆ, ಪಡಿತರ ಅಂಗಡಿಗೆ ಬಂತು. 1998ರಲ್ಲಿ ದೆಹಲಿಯಲ್ಲಿ ಕಲಬೆರಕೆಯ ಸಾಸಿವೆ ಎಣ್ಣೆಯಿಂದ ಜನ ಸತ್ತಾಗ, ಎಣ್ಣೆಯನ್ನು ಪೊಟ್ಟಣ ಕಟ್ಟಿಯೇ ಮಾರಬೇಕೆಂಬ ಆದೇಶ ಹೊರಟಿತು. ಕಲಬೆರಕೆಯನ್ನು ತಡೆಯುವ ಉದ್ದೇಶ ಒಳ್ಳೆಯದೇ. ಪೊಟ್ಟಣ ಕಟ್ಟುವ ಯಂತ್ರ ಕೊಳ್ಳಲಾರದ ಹಳ್ಳಿಯ ಗಾಣಿಗ, ಕಣ್ಣೆದುರೇ ಕಾಳು ಹಾಕಿ ಕಣ್ಣೆದುರೇ ಎಣ್ಣೆ ಹಿಂಡಿಕೊಡುತ್ತಿದ್ದವನು, ಅದೇ ಆದೇಶದ ಕಣ್ಣಿಗೆ ಶಂಕಿತನಾದ. ಭಾರತ ಈಗ ವರ್ಷಕ್ಕೆ ಸುಮಾರು 160 ಲಕ್ಷ ಟನ್ ಖಾದ್ಯತೈಲವನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. ಬಳಸುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅದೇ. ಇಲ್ಲಿ ಅಕ್ಕಡಿಯ ಸಾಲು ಅಳಿದದ್ದಕ್ಕೂ ಅಲ್ಲಿ ಬೋರ್ನಿಯೊದ ಕಾಡು ಅಳಿದದ್ದಕ್ಕೂ ಎಣ್ಣೆಯ ಇದೇ ನಂಟು.

ಹೊಲದಲ್ಲಿ ಆದದ್ದು ಇನ್ನೊಂದು ಬಗೆ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಈ ಜಿಲ್ಲೆಯ ರಾಗಿ ಹೊಲಗಳಿಗೆ ನೀಲಗಿರಿ ನುಗ್ಗಿದ್ದು ಅನೇಕರಿಗೆ ನೆನಪಿರಬಹುದು. 1983ರ ಆಗಸ್ಟಿನಲ್ಲಿ ಇದೇ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರಕ್ಕೆ ಮೆರವಣಿಗೆಯಲ್ಲಿ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು, ಅವುಗಳ ಜಾಗದಲ್ಲಿ ಹುಣಿಸೆ, ಮಾವಿನ ಬೀಜಗಳನ್ನು ಊರಿದರು. ದೇಶದ ಪರಿಸರ ಚಳವಳಿಯ ಚರಿತ್ರೆಯಲ್ಲಿ ದಾಖಲಾದ ಘಟನೆ ಅದು. ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ, ಮೂವತ್ತನಾಲ್ಕು ವರ್ಷಗಳ ಅನಂತರ. ಆ ವೇಳೆಗೆ ಎಷ್ಟೋ ಹೊಲಗಳು ರಾಗಿಯನ್ನೂ ಮರೆತಿದ್ದವು.

ಇನ್ನು ನೀರಿನ ಮಾತು. ಹೇಮಾವತಿ ಹುಟ್ಟುವುದು ಘಟ್ಟದ ನೆತ್ತಿಯಲ್ಲಿ, ಮೂಡಿಗೆರೆ ತಾಲ್ಲೂಕಿನಲ್ಲಿ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ, ಬಾಗೂರು–ನವಿಲೆ ಸುರಂಗದ ಮೂಲಕ ಆ ನೀರು ಗುಬ್ಬಿ, ತುಮಕೂರು, ಕುಣಿಗಲ್ ಕಡೆಗೆ ಹರಿಯುವಂತಾಯಿತು. ಕೆರೆಗಳು ತುಂಬಿದವು, ಕುಡಿಯುವ ನೀರು ಬಂತು. ಇದನ್ನು ಅಲ್ಲಗಳೆಯುವವರಾರೂ ಈ ಸಭೆಯಲ್ಲಿ ಇರಲಾರರು. ಆದರೆ ನೀರಿನ ಹಿಂದೆಯೇ ಅಡಿಕೆ ಬಂತು. ಗುಬ್ಬಿಯಲ್ಲಿ ತೋಟ ಮೊದಲಿನಿಂದಲೂ ಇತ್ತು. ಹಳ್ಳದ ಬದಿಯ ತಂಪಿನಲ್ಲಿ ಇತ್ತು. ಈಗ ಅದು ದಿಣ್ಣೆ ಹತ್ತಿತು. ಕಾಲುವೆ ಮುಟ್ಟದ ಕಡೆ ಕೊಳವೆಬಾವಿ ಮುಟ್ಟಿತು. ಮಲೆನಾಡಿನ ಅಡಿಕೆ ಬೆಳೆಗಾರ, ಬಯಲಿನ ಅಡಿಕೆಯಿಂದ ತನ್ನ ಬೆಲೆ ಬಿದ್ದೀತೆಂದು ಅಂಜುತ್ತಾನೆ. ಬಯಲಿನ ಅಡಿಕೆ ಬೆಳೆಗಾರ, ಕಾಲುವೆಯಲ್ಲಿ ನೀರು ಬಾರದಿದ್ದರೆ ಗತಿಯೇನೆಂದು ಅಂಜುತ್ತಾನೆ. ಇಬ್ಬರ ಅಂಜಿಕೆಗೂ ಬೇರು ಒಂದೇ ಕಡೆ ಇದೆ: ಒಣನೆಲದ ಬೆಳೆಗೆ ಬೆಲೆ ಇಲ್ಲ.

2025ರ ಮೇ ತಿಂಗಳ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ಪೈಪುಗಳ ಮುಂದೆ ಸಾವಿರಾರು ರೈತರು ಸೇರಿದರು. ನೀರು ತಮ್ಮನ್ನು ಬಿಟ್ಟು ನೇರವಾಗಿ ಕುಣಿಗಲ್ ಮತ್ತು ಮಾಗಡಿಯ ಕಡೆಗೆ ಹೋದೀತೆಂಬುದು ಗುಬ್ಬಿಯವರ ಭಯ. ಮೂಲ ಕಾಲುವೆಯ ಕೊನೆಯಲ್ಲಿರುವ ತಮಗೆ ಪಾಲಿನ ನೀರು ತಲಪಲೇ ಇಲ್ಲವೆಂಬುದು ಕುಣಿಗಲಿನವರ ದುಃಖ. ಇಬ್ಬರೂ ಇಂದು ಒಂದೇ ಚಾವಣಿಯಡಿ ಕುಳಿತಿದ್ದಾರೆ. ಯಾರ ವಾದ ಸರಿಯೆಂದು ತೀರ್ಮಾನಿಸುವ ಅಧಿಕಾರ ಈ ಉಪನ್ಯಾಸಕ್ಕೆ ಇಲ್ಲ. ಇತ್ತ, ಸಕಲೇಶಪುರದ ಕಾಡಿನ ಹಳ್ಳಗಳಿಂದ ನೀರೆತ್ತುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಅದರ ಮೇಲ್ಗಾಲುವೆ ಗುಬ್ಬಿ ತಾಲ್ಲೂಕಿನಲ್ಲಿ ಕಂಬಗಳ ಮೇಲೆ ಹಾದುಹೋಗುತ್ತದೆ. ಘಟ್ಟದ ನೀರನ್ನು ಇಷ್ಟು ದೂರ, ಇಷ್ಟು ಎತ್ತರಕ್ಕೆ, ಇಷ್ಟು ಖರ್ಚಿನಲ್ಲಿ ತರುವ ದೇಶದಲ್ಲಿ, ಬಿದ್ದ ಮಳೆಯಲ್ಲೇ ಬೆಳೆಯುವ ಕಾಳಿಗೆ ಏನು ಮರ್ಯಾದೆ ಸಿಕ್ಕಿದೆ ಎಂದು ಕೇಳುವುದಕ್ಕೆ ಮಾತ್ರ ಮಲೆನಾಡಿನವರಿಗೂ ಬಯಲಿನವರಿಗೂ ಸಮಾನ ಹಕ್ಕು ಇದೆ.

ಬೆಲೆಯ ಲೆಕ್ಕವನ್ನೇ ತೆಗೆದುಕೊಳ್ಳಿ. 2025–26ರ ಮುಂಗಾರಿಗೆ ಕೇಂದ್ರ ಸರ್ಕಾರ ಪ್ರಕಟಿಸಿದ ಬೆಂಬಲ ಬೆಲೆ ರಾಗಿಗೆ ಕ್ವಿಂಟಲಿಗೆ 4,886 ರೂಪಾಯಿ, ಹುಚ್ಚೆಳ್ಳಿಗೆ 9,537 ರೂಪಾಯಿ. ಹಿಂದಿನ ವರ್ಷ 8,717 ಇದ್ದದ್ದು ಒಮ್ಮೆಗೇ 820 ರೂಪಾಯಿ ಏರಿತು. ಕಾಗದದ ಮೇಲೆ ಇದು ರಾಗಿಯ ಸುಮಾರು ಎರಡರಷ್ಟು. ಆದರೆ ರಾಗಿಯ ಖರೀದಿ ಕೇಂದ್ರದ ಮುಂದೆ ಸಾಲುಗಟ್ಟಿ ನಿಲ್ಲುವ ಗಾಡಿಗಳಲ್ಲಿ ಹುಚ್ಚೆಳ್ಳಿನ ಮೂಟೆಗೆ ಜಾಗವಿಲ್ಲ. ಹತ್ತಿಪ್ಪತ್ತು ಕಿಲೊ ಬೆಳೆದವನು ಅದನ್ನು ಸಂತೆಯ ಕಿರಾಣಿ ಅಂಗಡಿಗೆ ಹಾಕಿ, ಹೇಳಿದ ಬೆಲೆಗೆ ಒಪ್ಪಿ ಬರುತ್ತಾನೆ. 2024ರ ಅಕ್ಟೋಬರಿನಲ್ಲಿ 10,103 ಕೋಟಿ ರೂಪಾಯಿಗಳ ಹೊಸ ಎಣ್ಣೆಕಾಳು ಅಭಿಯಾನಕ್ಕೆ ಒಪ್ಪಿಗೆ ದೊರೆತಿದೆ. ಅದಕ್ಕೂ ಮೊದಲು, 2021ರಲ್ಲಿ, ತಾಳೆಯೊಂದಕ್ಕೇ 11,040 ಕೋಟಿಯ ಅಭಿಯಾನ ಬಂದಿತ್ತು. ತಾಳೆ ನೀರು ಬೇಡುವ ಮರ. ನೀರಿಗಾಗಿ ಎರಡು ತಾಲ್ಲೂಕು ಎದುರುಬದುರು ನಿಂತಿರುವಾಗ ಯಾವ ಎಣ್ಣೆಗೆ ಹಣ ಹೋಗಬೇಕೆಂಬುದು ಬರಿಯ ಅರ್ಥಶಾಸ್ತ್ರದ ಪ್ರಶ್ನೆಯಲ್ಲ.

1980ರ ದಶಕದಲ್ಲಿ ದೇಶದಲ್ಲಿ ಹುಚ್ಚೆಳ್ಳು ಆರು ಲಕ್ಷ ಹೆಕ್ಟೇರಿನ ಆಸುಪಾಸಿನಲ್ಲಿ ಇತ್ತು. ಈಗ ಅದರ ಮೂರನೆಯ ಒಂದು ಪಾಲೂ ಉಳಿದಿಲ್ಲ. ಉಳಿದಿರುವುದು ಹೆಚ್ಚಾಗಿ ಒಡಿಶಾದ ಕೊರಾಪುಟ್, ಛತ್ತೀಸಗಢ, ಜಾರ್ಖಂಡ್, ಮಧ್ಯಪ್ರದೇಶಗಳ ಆದಿವಾಸಿ ಬೆಟ್ಟಗಳಲ್ಲಿ. ಈ ಕಾಳನ್ನು ಕಾಪಾಡಿದವರು ಗುಡ್ಡಗಾಡಿನ ಜನ ಎಂಬುದನ್ನು ಮಲೆನಾಡಿನವರು ವಿಶೇಷವಾಗಿ ಗಮನಿಸಬೇಕು. ಅಲ್ಲಿಂದ ಅದು ಹೋಗುವ ದಾರಿಯೂ ವಿಚಿತ್ರ. ರಫ್ತಾಗುವ ಹುಚ್ಚೆಳ್ಳಿನ ದೊಡ್ಡ ಪಾಲು ಅಮೆರಿಕ, ಯುರೋಪುಗಳ ಮನೆಯಂಗಳದಲ್ಲಿ ತೂಗುಹಾಕುವ ಹಕ್ಕಿಯ ಕಾಳಿನ ಕೊಳವೆಗೆ ಸೇರುತ್ತದೆ. ಅಲ್ಲಿಯ ಗೋಲ್ಡ್‌ಫಿಂಚ್ ಎಂಬ ಹಳದಿ ಹಕ್ಕಿಗೆ ಇದು ಬಲು ಇಷ್ಟ. ಹಕ್ಕಿಯ ಕಾಳಿನ ವ್ಯಾಪಾರಿಗಳ ಸಂಘ ಅದಕ್ಕೊಂದು ಹೊಸ ಕಾಗುಣಿತ ಕಟ್ಟಿ 1998ರಲ್ಲಿ ವಾಣಿಜ್ಯ ಮುದ್ರೆಯಾಗಿ ನೋಂದಾಯಿಸಿಕೊಂಡಿತು. ಕಾಳಿನೊಡನೆ ಕಸ್ಕ್ಯೂಟ ಎಂಬ ಪರಾವಲಂಬಿ ಬಳ್ಳಿಯ ಬೀಜ ಬಾರದಿರಲೆಂದು, ಬಿಸಿಗೆ ಒಡ್ಡಿ ಮೊಳಕೆ ಸಾಯಿಸಿದ ಮೇಲೆಯೇ ಅಮೆರಿಕ ಅದನ್ನು ಒಳಗೆ ಬಿಡುತ್ತದೆ. ಹಕ್ಕಿಗೆ ಕಾಳು ಹಾಕುವುದು ತಪ್ಪಲ್ಲ. ಗುಬ್ಬಿ ಎಂಬ ಹೆಸರನ್ನೇ ಹೊತ್ತ ಊರಿನವರಂತೂ ಹಾಗೆನ್ನಲಾರರು. ಆದರೆ ಮನುಷ್ಯರು ತಿನ್ನುವುದನ್ನು ಬಿಟ್ಟ ಕಾಳಿನ ಬೆಲೆಯನ್ನು ಹಕ್ಕಿಯ ಋತುಮಾನ ನಿರ್ಧರಿಸುವ ಸ್ಥಿತಿ ಬಂದಿದೆಯಲ್ಲ ಎಂಬುದು ಚಿಂತೆಯ ವಿಷಯ.

ಈಗ ಜೇನಿನ ಮಾತು. ಹುಚ್ಚೆಳ್ಳಿನ ಬಗ್ಗೆ ತಿಳಿಯಬೇಕಾದ ಅತಿ ಮುಖ್ಯ ಸಂಗತಿ ಇಲ್ಲಿದೆ. ಒಂದು ಗಿಡದ ಪರಾಗ ಅದೇ ಗಿಡದ ಹೂವಿನಲ್ಲಿ ಕಾಳು ಕಟ್ಟಿಸಲಾರದು. ನೆರೆಯ ಗಿಡದ ಪರಾಗವೇ ಬೇಕು. ಅದನ್ನು ತರುವುದು ಮುಖ್ಯವಾಗಿ ಜೇನು: ತುಡುವೆ, ಕೋಲ್ಜೇನು, ಹೆಜ್ಜೇನು. ಮಳೆಗಾಲದಲ್ಲಿ ಘಟ್ಟದ ಹೆಜ್ಜೇನು ಮಳೆಯ ಹೊಡೆತಕ್ಕೆ ಗೂಡು ಬಿಟ್ಟು ಮೂಡಣ ಬಯಲಿನ ಕಡೆಗೆ ಸರಿಯುತ್ತದೆ, ಕಾಡು ಹೂಬಿಡುವ ಕಾಲಕ್ಕೆ ಹಿಂತಿರುಗುತ್ತದೆ. ಆ ನಡುವಿನ ತಿಂಗಳುಗಳಲ್ಲಿ ಬಯಲಿನಲ್ಲಿ ಹೂವಿರಬೇಕು. ದಸರಾ ದೀಪಾವಳಿಯ ಹೊತ್ತಿಗೆ ಹಳದಿಯಾಗಿ ನಿಲ್ಲುತ್ತಿದ್ದ ಅಕ್ಕಡಿ ಸಾಲು, ದೀಪಾವಳಿಯ ಪೂಜೆಗೆ ಮಕ್ಕಳು ಕಿತ್ತು ತರುತ್ತಿದ್ದ ಆ ಹೂವು, ಜೇನಿಗೂ ಹಬ್ಬದ ಊಟವಾಗಿತ್ತು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣದ ತುಡುವೆ ಕುಟುಂಬಗಳನ್ನು ರಾಶಿರಾಶಿಯಾಗಿ ಬಲಿ ತೆಗೆದುಕೊಂಡಿತು. ಮಲೆನಾಡಿನ ಜೇನು ಸಾಕಣೆದಾರರು ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದ ಕಾಲ ಅದು. ರೋಗದಿಂದ ಅಳಿದುಳಿದ ಜೇನು ಚೇತರಿಸಿಕೊಳ್ಳಲು ಬೇಕಾದದ್ದು ಹೂವು. ಬಯಲಿನಲ್ಲಿ ಅದೇ ಕಡಮೆಯಾಗುತ್ತ ಬಂತು.

ಇದರಿಂದ ಒಂದು ಕಠಿಣ ಲೆಕ್ಕ ಹುಟ್ಟುತ್ತದೆ. ಊರಿನಲ್ಲಿ ಐವತ್ತು ಮನೆಯವರು ಹುಚ್ಚೆಳ್ಳು ಬಿತ್ತುತ್ತಿದ್ದಾಗ ಎಲ್ಲರ ಹೊಲದಲ್ಲೂ ಕಾಳು ತುಂಬುತ್ತಿತ್ತು. ಇಬ್ಬರೇ ಉಳಿದಾಗ, ಅವರ ನಾಲ್ಕಾರು ಗಿಡಗಳನ್ನು ಹುಡುಕಿಕೊಂಡು ಜೇನು ಬಾರದು. ಬಂದರೂ ಹೊಂದುವ ಪರಾಗ ಸಾಲದು. ತೆನೆ ಜೊಳ್ಳಾಗುತ್ತದೆ. ‘ಈಗಿನ ಹುಚ್ಚೆಳ್ಳು ಕಾಳೇ ಕಟ್ಟುವುದಿಲ್ಲ’ ಎಂದು ಬೇಸತ್ತು ಅವರೂ ಬಿಡುತ್ತಾರೆ. ಬೀಜ ಕೆಟ್ಟಿತೆಂದು ಎಲ್ಲರೂ ತಿಳಿಯುತ್ತಾರೆ. ಕೆಟ್ಟದ್ದು ಬೀಜವಲ್ಲ, ನೆರೆಹೊರೆ. ರಾಗಿಯನ್ನು ಒಬ್ಬನೇ ಹಠ ಹಿಡಿದು ಉಳಿಸಬಹುದು, ಹುಚ್ಚೆಳ್ಳನ್ನು ಒಬ್ಬನೇ ಉಳಿಸಲಾಗದು. ಬೀಜ ಸಂರಕ್ಷಣೆಯಲ್ಲಿ ತೊಡಗಿರುವವರು ಇದನ್ನು ಮರೆತು, ಡಬ್ಬಿಯಲ್ಲಿ ಒಂದು ಹಿಡಿ ಕಾಳು ಹಾಕಿ ಚೀಟಿ ಅಂಟಿಸಿ ಬೆಳೆ ಉಳಿಯಿತೆಂದು ಸಮಾಧಾನಪಡುವುದುಂಟು.

ಯಂತ್ರದ ಮಾತನ್ನೂ ಮರೆಮಾಚಬಾರದು. ರಾಗಿ ಕೊಯ್ಲಿಗೆ ಆಳು ಸಿಗದು. ಸಿಕ್ಕರೂ ಕೂಲಿ ಕೊಟ್ಟು ಪೂರೈಸದು. ದೊಡ್ಡ ಕೊಯ್ಲಿನ ಯಂತ್ರ ಬಂದಿದೆ. ಅದಕ್ಕೆ ನಡುವೆ ತಲೆಯೆತ್ತಿದ ತೊಗರಿ, ಹುಚ್ಚೆಳ್ಳು, ಹರಳು ಅಡ್ಡಿ. ಯಂತ್ರದವನು ಮೊದಲೇ ಹೇಳುತ್ತಾನೆ, ಅಕ್ಕಡಿ ಇದ್ದರೆ ಬರುವುದಿಲ್ಲವೆಂದು. ಇದಕ್ಕೆ ಹಳೆಯ ಕಾಲವನ್ನು ಹೊಗಳಿ ಉತ್ತರಿಸುವುದು ಅಪ್ರಾಮಾಣಿಕತೆ. ಸಡ್ಡೆ ಬಿಡುತ್ತಿದ್ದ, ಕಾಳು ಬಡಿಯುತ್ತಿದ್ದ, ತೂರುತ್ತಿದ್ದ ಹೆಂಗಸರ ದುಡಿಮೆಗೆ ಯಾರೂ ಕೂಲಿ ಎಣಿಸಿರಲಿಲ್ಲ ಎಂಬುದನ್ನೂ ಹೇಳಬೇಕು. ಸಾಧ್ಯವಿರುವ ದಾರಿಯೆಂದರೆ ಹುಚ್ಚೆಳ್ಳನ್ನು ಹೊಲದ ನಡುವಿನಿಂದ ಅಂಚಿಗೆ ತರುವುದು. ಬದುವಿನ ಉದ್ದಕ್ಕೂ ನಾಲ್ಕು ಸಾಲು, ಇಲ್ಲವೇ ಹೊಲದ ಒಂದು ಮಗ್ಗುಲಲ್ಲಿ ಒಂದು ಪಟ್ಟೆ. ಯಂತ್ರ ನಡುವೆ ಓಡಾಡಲಿ. ಒಂದು ಊರಿನ ಬದುಗಳೆಲ್ಲ ಹೀಗೆ ಸೇರಿದರೆ ಜೇನಿಗೆ ಸಾಲುವಷ್ಟು ಹೂವಾಗುತ್ತದೆ. ಅಡಿಕೆಯ ಎಳೆಯ ತೋಟದ ಸಾಲುಗಳ ನಡುವೆ ಬಿಸಿಲು ಬೀಳುವ ಮೊದಲ ಎರಡು ಮೂರು ವರ್ಷಗಳಲ್ಲೂ ಇದನ್ನು ಪ್ರಯತ್ನಿಸಬಹುದು.

ಎಷ್ಟು ಸಿಕ್ಕೀತು? ಅತಿಶಯೋಕ್ತಿ ಬೇಡ. ತನಿಬೆಳೆಯಾಗಿ ಬೆಳೆದಾಗಲೂ ದೇಶದ ಸರಾಸರಿ ಇಳುವರಿ ಹೆಕ್ಟೇರಿಗೆ ಮೂರು ನಾಲ್ಕು ಕ್ವಿಂಟಲಿನ ಸುತ್ತಮುತ್ತ. ಬದುವಿನಿಂದಲೂ ಪಟ್ಟೆಯಿಂದಲೂ ಒಂದು ಸಂಸಾರಕ್ಕೆ 50 ಕಿಲೊ ಕಾಳು ಬಂದಿತೆಂದು ಇಟ್ಟುಕೊಳ್ಳೋಣ. ಗಾಣದಲ್ಲಿ ಮೂರನೆಯ ಒಂದು ಪಾಲಿಗೆ ತುಸು ಕಡಮೆ ಎಂದರೂ 15 ಕಿಲೊ ಎಣ್ಣೆ, 30 ಕಿಲೊಗೂ ಮೇಲ್ಪಟ್ಟು ಹಿಂಡಿ. ನೀತಿ ಆಯೋಗದ 2024ರ ವರದಿಯ ಪ್ರಕಾರ ಭಾರತದಲ್ಲಿ ಒಬ್ಬರು ವರ್ಷಕ್ಕೆ ಬಳಸುವ ಎಣ್ಣೆ 19.7 ಕಿಲೊ. ಅಂದರೆ ಆ 15 ಕಿಲೊ ಇಂದಿನ ರೂಢಿಯಲ್ಲಿ ಒಬ್ಬರಿಗೂ ಸಾಲದು. ಆರೋಗ್ಯ ತಜ್ಞರು ಸಾಕೆನ್ನುವುದು ವರ್ಷಕ್ಕೆ 12 ಕಿಲೊ. ಆ ಮಿತಿಗೆ ಬಂದರೆ ಒಬ್ಬರಿಗೆ ಸಾಕಾಗಿ ಸ್ವಲ್ಪ ಉಳಿಯುತ್ತದೆ. ಹುಚ್ಚೆಳ್ಳಿನಿಂದ ಆಮದು ನಿಲ್ಲುತ್ತದೆಂದು ಯಾರಾದರೂ ಹೇಳಿದರೆ ನಂಬಬಾರದು. ಆದರೆ ಗಾಣಕ್ಕೆ ಕಾಳು ಕೊಟ್ಟು ಎಣ್ಣೆ ತಂದ ಮನೆಯಲ್ಲಿ ಎಣ್ಣೆಯನ್ನು ಅಳೆದು ಸುರಿಯುವ ಕೈ ಬೇರೆಯೇ ಆಗಿರುತ್ತದೆ.

ಇನ್ನು ಎಣ್ಣೆಯೊಂದನ್ನೇ ನೋಡಬೇಕಾಗಿಯೂ ಇಲ್ಲ. ಕಾಳನ್ನು ಹದವಾಗಿ ಹುರಿದು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ತುಸು ಹುಣಿಸೆಯೊಡನೆ ಕುಟ್ಟಿದ ಚಟ್ನಿಪುಡಿ ಮುದ್ದೆಗೂ ರೊಟ್ಟಿಗೂ ಸೈ. ಉತ್ತರ ಕರ್ನಾಟಕದವರು ಇದೇ ಕಾಳನ್ನು ಗುರೆಳ್ಳು ಎಂದು ಕರೆದು, ಅದರ ಪುಡಿ ಇಲ್ಲದೆ ಊಟಕ್ಕೆ ಕೂರುವುದಿಲ್ಲ. ಬದನೆಕಾಯಿಯ ಎಣ್ಣೆಗಾಯಿಗೆ ಅದೇ ಜೀವಾಳ. ಅಲ್ಲಿಯ ಖಾನಾವಳಿಗಳ ಮೂಲಕ ಬೆಂಗಳೂರಿನಲ್ಲೂ ಅದಕ್ಕೆ ಬೇಡಿಕೆ ಇದೆ. ತುಮಕೂರಿನಿಂದ ಬೆಂಗಳೂರಿಗೆ ಎಪ್ಪತ್ತು ಕಿಲೊಮೀಟರು. ಆ ಕಾಳು ಕೊರಾಪುಟ್ಟಿನಿಂದಲೇ ಬರಬೇಕೆಂಬ ನಿಯಮವೇನೂ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ತುಮಕೂರು ನಗರದಲ್ಲೂ ಮೋಟಾರು ಜೋಡಿಸಿದ ಮರದ ಗಾಣಗಳು ಬಂದಿವೆ. ಕಡಲೆಕಾಯಿ, ಕೊಬ್ಬರಿ, ಎಳ್ಳು ಅಲ್ಲಿ ತಿರುಗುತ್ತವೆ. ಹತ್ತು ಊರಿನವರು ಕೂಡಿ ವಾರದ ಒಂದು ದಿನವನ್ನು ಹುಚ್ಚೆಳ್ಳಿಗೆಂದು ಗೊತ್ತುಮಾಡಿಕೊಂಡರೆ ಗಾಣದವನು ಒಲ್ಲೆನ್ನಲಾರ. ಎಣ್ಣೆ ಬೇಗ ಕಮಟುವುದರಿಂದ ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಹಿಂಡಿಸಿ, ಬಿಸಿಲು ತಾಗದ ಪಾತ್ರೆಯಲ್ಲಿ ಇಡುವುದು ಲೇಸು.

1996ರಲ್ಲೇ ಅಂತರರಾಷ್ಟ್ರೀಯ ಸಸ್ಯ ತಳಿಸಂಪನ್ಮೂಲ ಸಂಸ್ಥೆ, ನಿರ್ಲಕ್ಷಿತ ಬೆಳೆಗಳ ಮಾಲಿಕೆಯಲ್ಲಿ ಹುಚ್ಚೆಳ್ಳಿನ ಮೇಲೆಯೇ ಒಂದು ಪುಸ್ತಿಕೆ ಹೊರತಂದಿತು. ಸಂಶೋಧನೆ ಪೂರ್ತಿ ನಿಂತಿಲ್ಲ. ಎಳ್ಳು ಮತ್ತು ಹುಚ್ಚೆಳ್ಳುಗಳ ಮೇಲೆ ಅಖಿಲ ಭಾರತ ಮಟ್ಟದ ಸಂಶೋಧನೆ ನಡೆಯುತ್ತಿದೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಕೆ.ಬಿ.ಎನ್.–1 ಎಂಬ ತಳಿಯನ್ನು ಕೊಟ್ಟಿದೆ, ನಂ. 71 ಎಂಬ ಹಳೆಯ ತಳಿಯೂ ಇದೆ. ಊರಿನ ಬೀಜ ಸಿಗುವುದಾದರೆ ಅದನ್ನೇ ಮೊದಲು ಹುಡುಕುವುದು ಒಳ್ಳೆಯದು. ಹುಡುಕಬೇಕಾದದ್ದು ಬೀಜದಂಗಡಿಯಲ್ಲಲ್ಲ, ಅಜ್ಜಿಯರ ಅಡುಗೆಮನೆಯ ಮಡಕೆಯಲ್ಲಿ.

ಬಿತ್ತನೆಯ ಕೆಲವು ಸಂಗತಿಗಳನ್ನು ಹೇಳಿ ಮುಗಿಸಬಹುದು. ಜುಲೈ, ಆಗಸ್ಟ್ ತಿಂಗಳು ಬಿತ್ತನೆಗೆ ತಕ್ಕ ಕಾಲ. ತನಿಬೆಳೆಗೆ ಎಕರೆಗೆ ಎರಡು ಕಿಲೊ ಬೀಜ ಧಾರಾಳವಾಯಿತು; ಬದುವಿನ ಸಾಲಿಗೆ ಕಾಲು ಕಿಲೊ ಸಾಕು. ಸಾವಿರ ಕಾಳು ಸೇರಿದರೆ ನಾಲ್ಕು ಗ್ರಾಂ ತೂಗುವ ಸಣ್ಣ ಬೀಜವಾದ್ದರಿಂದ ಮರಳು ಇಲ್ಲವೇ ಜರಡಿ ಹಿಡಿದ ಒಣ ಗೊಬ್ಬರದೊಡನೆ ಬೆರೆಸಿಯೇ ಬಿತ್ತಬೇಕು, ಮೇಲುಮೇಲಾಗಿ ಬಿತ್ತಬೇಕು. ಸಾಲಿನಿಂದ ಸಾಲಿಗೆ ಒಂದಡಿ ಅಂತರವಿರಲಿ. ಗಿಡ ಗೇಣುದ್ದ ಬಂದಾಗ ಒತ್ತಾಗಿರುವುದನ್ನು ಕಿತ್ತು ತೆಳುವು ಮಾಡಬೇಕು. ಹೊರಗಿನ ಬೀಜ ತರುವುದಾದರೆ ಕಸ್ಕ್ಯೂಟದ ಬೀಜ ಬೆರೆತಿಲ್ಲವೆಂದು ನೋಡಿಕೊಳ್ಳಬೇಕು. ಬೇರೂ ಎಲೆಯೂ ಇಲ್ಲದೆ ಹಳದಿ ನೂಲಿನಂತೆ ಹಬ್ಬುವ ಆ ಬಳ್ಳಿ ಕಂಡರೆ, ಹೂಬಿಡುವ ಮೊದಲೇ ಆಶ್ರಯ ಕೊಟ್ಟ ಗಿಡದ ಸಮೇತ ಕಿತ್ತು ಸುಡಬೇಕು. ಹೂವಿನ ದಿನಗಳಲ್ಲಿ ಪಕ್ಕದ ಹೊಲಕ್ಕೂ ಬೆಳಗಿನ ಹೊತ್ತು ವಿಷ ಸಿಂಪಡಿಸದಂತೆ ನೆರೆಯವರೊಡನೆ ಮಾತಾಡಿಕೊಳ್ಳಬೇಕು. ತೆನೆಗಳು ಒಮ್ಮೆಗೇ ಮಾಗುವುದಿಲ್ಲ. ಎಲ್ಲವೂ ಒಣಗಲೆಂದು ಕಾದರೆ ಮೊದಲು ಮಾಗಿದ್ದು ಉದುರಿಹೋಗುತ್ತದೆ. ಎಲೆ ಒಣಗಿ ತೆನೆ ಕಂದುಗಪ್ಪಾಗುತ್ತಿದ್ದಂತೆ ಬೆಳಗಿನ ಇಬ್ಬನಿಯಲ್ಲಿ ಕೊಯ್ದು, ಕಣದಲ್ಲಿ ವಾರ ಒಣಗಿಸಿ ಬಡಿಯುವುದು ರೂಢಿ. ಮುಂದಿನ ವರ್ಷದ ಬೀಜವನ್ನು ಒಂದೆರಡು ಚೆಂದದ ಗಿಡಗಳಿಂದ ಆರಿಸಬಾರದು. ಹೊಲದ ಎಲ್ಲ ಕಡೆಯ ಗಿಡಗಳಿಂದಲೂ ಒಂದೊಂದು ತೆನೆ ತೆಗೆದು ಬೆರೆಸಬೇಕು, ಸಾಧ್ಯವಾದರೆ ಪಕ್ಕದ ಊರಿನ ಒಂದು ಹಿಡಿಯನ್ನೂ ಸೇರಿಸಬೇಕು. ಗುಬ್ಬಿಯ ಹಿಡಿಗೆ ಕುಣಿಗಲಿನ ಹಿಡಿ ಬೆರೆತರೆ ಕಾಳು ಇನ್ನೂ ಚೆನ್ನಾಗಿ ಕಟ್ಟುತ್ತದೆ.